ಸ್ವಜನದ ಸಹಿ

ಸಾರ್ವಜನಿಕರು ತುರ್ತಾಗಿ ಗಮನಿಸಬೇಕಾದ ಗಹನ ವಿಚಾರವೊಂದಿದೆ: ಜನಾಂಗ ಪ್ರಮಾಣಪತ್ರ ಕೊಡುವ ಕಚೇರಿಯಲ್ಲಿ ಪೆನ್ನಿಗೆ ಕಟ್ಟಿರುವ ದಾರ ಅರ್ಜಿಯ ಕೊನೆಯ ಸಾಲಿಗೆ ಎಟುಕುವುದಿಲ್ಲ. ಸರದಿಯಲ್ಲಿ ಎರಡನೆಯವನಾಗಿ ನಿಂತಿದ್ದ ದರ್ಜಿ, ದಾರ ನಾಲ್ಕು ಬೆರಳು ಕಡಿಮೆಯೆಂದು ಕಣ್ಣಳತೆಯಲ್ಲೇ ಲೆಕ್ಕ ಹಾಕಿದ. ಅವನ ಮುಂದಿದ್ದ ಅಜ್ಜಿಗೆ ಕಿಟಕಿಯೊಳಗಿನ ಗುಮಾಸ್ತ ಅದೇ ಸಾಲನ್ನು ತೋರಿಸುತ್ತಿದ್ದ.

“ಇದು ಖಾಲಿ ಇದೆ ಅಜ್ಜಿ. ನಿಮ್ಮ ಜನಾಂಗದವರೇ ಇನ್ನೊಬ್ರು ಸಾಕ್ಷಿ ಹಾಕ್ಬೇಕು.”

“ಹೋದ ಸಲ ತಂಗಿ ನನಗೆ ಹಾಕಿದ್ಲು, ನಾನು ಅವಳಿಗೆ ಹಾಕಿದ್ದೆ.”

“ಮತ್ತೆ ಕರ್ಕೊಂಡು ಬನ್ನಿ.”

“ಮಣ್ಣು ಮಾಡಿ ತಿಂಗಳಾಯ್ತಪ್ಪ.”

ಗುಮಾಸ್ತ ಕನ್ನಡಕ ತೆಗೆದು ಒರೆಸಿದ.

“ಬೇರೆ ಯಾರೂ ಇಲ್ವಾ? ನಿಮ್ಮ ಭಾಷೆ ಯಾರ ಹತ್ರ ಆಡ್ತೀರಿ?”

“ಕೋಳಿ ಹತ್ರ. ಅದಕ್ಕೆ ಎಲ್ಲಾ ತಿಳಿಯುತ್ತೆ, ಸಹಿ ಒಂದು ಬರಲ್ಲ.”

ದರ್ಜಿ ತಡೆಯಲಾರದೆ ಬಾಯಿ ಹಾಕಿದ. “ನಾನು ಹಾಕ್ಲಾ ಸಾರ್? ಇಪ್ಪತ್ತು ವರ್ಷದಿಂದ ಈ ಅಜ್ಜಿ ರವಿಕೆ ಹೊಲೀತಿದೀನಿ.”

“ನಾವು ಕೇಳ್ತಿರೋದು ಕುಲ ಕಣ್ರೀ, ಅಳತೆ ಅಲ್ಲ.” ಗುಮಾಸ್ತ ಅಜ್ಜಿಯತ್ತ ತಿರುಗಿ ದನಿ ತಗ್ಗಿಸಿದ. “ನಿಮಗೆ ನೀವೇ ಸಾಕ್ಷಿ ಆಗೋಕೆ ಕಾನೂನಲ್ಲಿ ಜಾಗ ಇಲ್ಲ. ‘ಇತರೆ’ ಅಂತ ಬರೀಲಾ?”

“ಏನಾದ್ರೂ ಬರಿಯಪ್ಪ. ತಂಗಿ ಪಕ್ಕದಲ್ಲೇ ನನ್ನನ್ನೂ ಮಣ್ಣು ಮಾಡ್ತಾರೆ ತಾನೆ?”

“ಅದಾಗಲ್ಲಜ್ಜಿ. ಆ ಸ್ಮಶಾನ ನಿಮ್ಮ ಜನಕ್ಕೆ ಮಾತ್ರ.”

ಅಜ್ಜಿ ಪೆನ್ನನ್ನು ಜೋಪಾನವಾಗಿ ಅದರ ಜಾಗದಲ್ಲಿಟ್ಟು, ಗೋಡೆ ಹಿಡಿದು ಮೆಟ್ಟಿಲಿಳಿದಳು.

ಅರ್ಜಿಯಲ್ಲಿ ‘ಇತರೆ’ ಎಂದು ಬರೆಯಲಾಯಿತು. ಸ್ಮಶಾನವನ್ನು ಆಕೆಯ ಜನಕ್ಕಾಗಿಯೇ ಕಾದಿರಿಸಲಾಗಿದೆ.