ಬಿಕಾಸ್ ಆದಮೇಲಿನ ಮಾತು

ಹುಣಸೂರು ಬಸ್ ನಿಲ್ದಾಣದಲ್ಲಿ ಕೆ.ಆರ್. ನಗರದ ಬಸ್ಸಿಗೆ ಕಾಯುತ್ತಿದ್ದ ವಿರೂಪಾಕ್ಷರ ಪಕ್ಕದಲ್ಲೇ ಅಕ್ಕತಂಗಿಯರಿಬ್ಬರು ಕುಳಿತಿದ್ದರು. ತಂಗಿ ಟೀಚರ್ ಪರೀಕ್ಷೆಗೆ ಓದುತ್ತಿದ್ದಳು. ಅಕ್ಕ ಕಿತ್ತಳೆ ಬಿಡಿಸಿ ತೊಳೆಗಳನ್ನು ಅವಳ ಕೈಗಿಡುತ್ತಿದ್ದಳು.

“ಅದೇನೇ ರಾಣಿ, ಅಷ್ಟೊತ್ತಿಂದ ಒಂದೇ ಪುಟ?”

“ಎರಡು ವಾಕ್ಯನ ‘ಬಿಕಾಸ್’ ಆಕಿ ಒಂದು ಮಾಡ್ಬೇಕು ಕಣಕ್ಕ.”

“ಒಂದು ಏಳು ಮತ್ತೆ, ನಾನೂ ಕೇಳ್ತೀನಿ.”

ತಂಗಿ ಪುಸ್ತಕ ಮುಚ್ಚಿದಳು.

“ಮೈ ಸಿಸ್ಟರ್ ಲೆಫ್ಟ್ ಸ್ಕೂಲ್ ಬಿಕಾಸ್ ಐ ಲೈಡ್.”

“ಅಕ್ಕ ಸ್ಕೂಲ್ ಬಿಟ್ಳು, ಯಾಕಂದ್ರೆ... ಅಲ್ಲೀಗಂಟ ಗೊತ್ತಾಯ್ತು. ಆಮೇಲಿಂದು?”

“ನಾನು ಸುಳ್ಳೇಳ್ದೆ.”

ವಿರೂಪಾಕ್ಷರು ಪೇಪರು ಓದುವುದನ್ನು ನಿಲ್ಲಿಸಿದರು.

“ಏನಂತ?” ಅಂದಳು ಅಕ್ಕ.

“ಒಬ್ಳನ್ನೇ ಓದ್ಸೋಕಾಗೋದು ಅಂತ ಅಪ್ಪ ಅಂದಿದ್ರಲ್ಲ. ಅವತ್ತು ‘ಅಕ್ಕನ ತಲೆಗೆ ಏನೂ ಅತ್ತಲ್ವಂತೆ, ಮೇಷ್ಟ್ರೇ ಅಂದ್ರು’ ಅಂತ ಏಳ್ಬುಟ್ಟೆ. ಮೇಷ್ಟ್ರು ಅಂಗೆ ಅಂದೇ ಇರ್ಲಿಲ್ಲ ಕಣಕ್ಕ.”

“ಅದಿನೈದು ವರ್ಷದಿಂದ ನಾನು ದಡ್ಡಿ ಅಂತ್ಲೇ ಅಂದ್ಕೊಂಡಿದ್ನಲ್ಲೇ.”

“ತಪ್ಪಾಯ್ತಕ್ಕ.”

ಅಕ್ಕ ಉಳಿದ ಕಿತ್ತಳೆಯನ್ನು ಚೀಲಕ್ಕೆ ಹಾಕಿದಳು. ಪಿರಿಯಾಪಟ್ಟಣದ ಬಸ್ಸು ಬಂದಾಗ ಎದ್ದು ಹೋಗಿ ಹತ್ತಿದಳು. ಕಿಟಕಿಯ ಬಳಿ ಕುಳಿತಳು. ಅವಳ ಪಕ್ಕದ ಸೀಟು ಖಾಲಿಯಿತ್ತು. ಹಿಂದೆಯೇ ಹತ್ತಿದ ರಾಣಿ ಕೂರಲಿಲ್ಲ. ಆ ಸೀಟಿನ ಕಂಬಿ ಹಿಡಿದು ನಿಂತೇ ಇದ್ದಳು, ಬಸ್ಸು ಹಾಗೇ ಹೊರಟಿತು.