ನಡುವಿನವನಿಗೆ ಕೈ ಖಾಲಿಯಿಲ್ಲ

ಮಾನ್ಯ ಅಧ್ಯಕ್ಷರೇ, ನನಗೆ ವಿದಾಯ ಹೇಳುವ ಆತುರಕ್ಕೆ ಅರ್ಧ ಗಂಟೆ ಮೊದಲೇ ಬಂದಿರುವ ಕಾರ್ಯದರ್ಶಿಗಳೇ, ನಮ್ಮ ರಗ್ಬಿ ಕ್ಲಬ್ಬಿನ ಆಟಗಾರರೇ, ಅವರನ್ನು ಹೆತ್ತು ಈಗ ಬ್ಯಾಂಡೇಜು ಸುತ್ತುತ್ತಿರುವ ತಾಯಂದಿರೇ, ತಿಂಡಿಯ ವಾಸನೆ ಹಿಡಿದು ಕೂತಿರುವ ಸಭಿಕರೇ,

ನನ್ನ ಬೆನ್ನು ಹೋಯಿತು, ಇನ್ನು ಮುಂದಿನ ಸಾಲಿನ ಹುಡುಗರಿಗೆ ನಾನು ಕಲಿಸಬಾರದು ಎಂದು ಸಮಿತಿ ತೀರ್ಮಾನಿಸಿದೆ. ಗೋಡೆ ಗಡಿಯಾರ ಕೊಟ್ಟಿದ್ದೀರಿ. ಸಂತೋಷ. ಆದರೆ ಶನಿವಾರ ಬೆಳಗ್ಗೆ ಹೋಗಲು ಮೈದಾನವಿಲ್ಲದವನಿಗೆ ಗಡಿಯಾರ ಏಕೆ? ಹೆಂಡತಿ ತೀರಿಕೊಂಡ ಮೇಲೆ ನನ್ನ ಮನೆಯಲ್ಲಿ ಸದ್ದು ಮಾಡುವುದು ಫ್ರಿಜ್ ಒಂದೇ. ಆದ್ದರಿಂದ ಇನ್ನೊಂದು ವರ್ಷ ಕೊಡಿ ಎಂದು ಕೇಳಲು ನಿಂತಿದ್ದೇನೆ. ಕಾಲೇಜಿನಲ್ಲಿ ಅರ್ಜಿ ಬರೆಯಲು ಕಲಿಸಿದ್ದರು, 'ಐ ಬೆಗ್ ಟು...' ಎಂದೇನೋ. ಮುಂದಿನದು ಮರೆತಿದೆ. ಬೆಗ್ ಮಾತ್ರ ಉಳಿದಿದೆ.

ಸ್ಕ್ರಮ್ ಎಂದರೇನು? ಎಂಟು ಜನ ಎದುರಿನ ಎಂಟು ಜನರಿಗೆ ಹೆಗಲು ಕೊಟ್ಟು ತಳ್ಳುವುದು. ಮುಂದಿನ ಸಾಲಿನಲ್ಲಿ ಮೂವರು. ಅಕ್ಕಪಕ್ಕ ಪ್ರಾಪ್‌ಗಳು, ಅಂದರೆ ಊರುಗೋಲುಗಳು. ನಡುವೆ ಹುಕ್ಕರ್, ಚೆಂಡನ್ನು ಕಾಲಿನಿಂದ ಹಿಂದಕ್ಕೆ ಎಳೆಯುವವನು. ನಾನು ಹುಕ್ಕರ್. ಹುಕ್ಕರ್‌ನ ಎರಡೂ ಕೈ ಪ್ರಾಪ್‌ಗಳ ಹೆಗಲ ಮೇಲೆ. ಮೂಗಿನಲ್ಲಿ ತುರಿಕೆ ಎದ್ದರೆ ಎದುರಾಳಿಯ ಕಿವಿಗೆ ಉಜ್ಜಿಕೊಳ್ಳಬೇಕು. ನಾನು ಉಜ್ಜಿದ್ದೇನೆ. ಅವನ ಪರವಾಗಿ ಜಗಳಕ್ಕೆ ಬಂದ ಅಕ್ಕನೇ ಮುಂದೆ ನನ್ನ ಹೆಂಡತಿಯಾದಳು.

ಆಕೆ ಟೈಲರ್. ಪ್ರಾಪ್‌ಗಳು ಹಿಡಿದುಕೊಳ್ಳುವುದು ಹುಕ್ಕರ್‌ನ ಅಂಗಿಯ ಪಕ್ಕೆಯನ್ನು. ಪ್ರತಿ ಪಂದ್ಯದಲ್ಲೂ ನನ್ನದು ಪರ್ರನೆ ಹರಿಯುತ್ತಿತ್ತು. ಆಕೆ ಒಳಗೆ ಪಟ್ಟಿ ಕೊಟ್ಟು ಎರಡೆರಡು ಹೊಲಿಗೆ ಹಾಕಿದಳು. ಆಮೇಲೆ ಅದೇ ರೂಢಿಯಾಗಿ ನಾನು ಮಲಗುವ ಅಂಗಿಗೂ ಹಾಕಿದಳು, ಈ ಕೋಟಿಗೂ ಹಾಕಿದಳು.

'ಕೋಟು ತೊಟ್ಕೊಂಡು ಯಾರು ಸ್ಕ್ರಮ್ ಆಡ್ತಾರೆ ಕಣೇ?' ಅಂದೆ.

'ಯಾರಾದ್ರೂ ಹಿಡ್ಕೋಬೇಕಾಗಿ ಬಂದ್ರೆ ಹರೀಬಾರ್ದಲ್ರೀ. ಸುಮ್ನೆ ಹಾಕ್ಕೊಳ್ಳಿ' ಅಂದಳು.

ಇರಲಿ. ಬೆನ್ನಿನ ವಿಷಯಕ್ಕೆ ಬರುತ್ತೇನೆ. ಹೋಗಿದೆಯಂತೆ. ಹೋಗಿದೆಯೇ? ಅಧ್ಯಕ್ಷರೇ, ನೀರಿನ ಲೋಟ ಎತ್ತಿಕೊಳ್ಳಿ. ನಿಮ್ಮ ಮೇಜೇ ಎದುರು ತಂಡ. ಎಲ್ಲರೂ ನೋಡಿ. ಕಾಲು ಹೆಗಲಿನಷ್ಟು ಅಗಲ. ಮೊಣಕಾಲು ಸ್ವಲ್ಪ ಮಡಿಚಿ. ಬಾಗುವುದು ಸೊಂಟದಿಂದ, ಬೆನ್ನು ಮಾತ್ರ ಇಸ್ತ್ರಿ ಮೇಜಿನಂತೆ ಚಪ್ಪಟೆ. ಹೆಗಲು ಸೊಂಟಕ್ಕಿಂತ ಕೆಳಗಿಳಿಯಬಾರದು. ಇಳಿದರೆ ಮುಖ ಮಣ್ಣಿಗೆ. ಗದ್ದ ಎದೆಗೆ ತಾಗಬಾರದು. ಕಣ್ಣು ಎದುರಿಗೆ. ಈಗ ತಳ್ಳಬೇಕು. ಮೇಜು ಹೋಯಿತೇ? ಹೋಯಿತು. ಅಧ್ಯಕ್ಷರೂ ಹೋದರು. ಹೆನ್ಸ್ ಪ್ರೂವ್ಡ್.

ಈಗ ಏಳುತ್ತೇನೆ.

ಏಳುತ್ತಿದ್ದೇನೆ. ಇದಕ್ಕೆ ಪ್ರೆಸೆಂಟ್ ಕಂಟಿನ್ಯುಯಸ್ ಎನ್ನುತ್ತಾರೆ.

ಸಭಿಕರೇ, ಭಾಷಣದ ಉಳಿದ ಭಾಗವನ್ನು ಇದೇ ಭಂಗಿಯಲ್ಲಿ ಮಾಡುತ್ತೇನೆ. ಯಾರಾದರೂ ಮೈಕ್ ತಗ್ಗಿಸಿ. ತಲೆ ಎತ್ತಿಕೊಂಡಿರುವುದರಿಂದ ಕಾರ್ಯದರ್ಶಿಗಳು ನಗುತ್ತಿರುವುದು ಚೆನ್ನಾಗಿ ಕಾಣುತ್ತಿದೆ. ನಗಲಿ. ಸಮಿತಿ ಹೇಳಿದ್ದು ಸರಿ. ಕೇಳಿದ ಒಂದು ವರ್ಷವನ್ನು ವಾಪಸ್ ತೆಗೆದುಕೊಳ್ಳುತ್ತೇನೆ.

ಯಾರದು? ಓ, ನಮ್ಮ ಬಲಗಡೆಯ ಪ್ರಾಪ್. ಎಡಗಡೆಯವನೂ ಬಂದೆಯಾ? ಎಳೀಬೇಡ್ರಪ್ಪ. ಮೊದಲು ಹಿಡಿತ. ಕಂಕುಳ ಕೆಳಗೆ, ಕೋಟಿನ ಪಕ್ಕೆ, ಮುಷ್ಟಿ ತುಂಬ. ಹೆದರಬೇಡಿ, ಗಟ್ಟಿಯಾಗಿ ಹಿಡೀರಿ. ನಿಮ್ಮ ಬೆನ್ನು ನೇರ ಇದೆ ತಾನೇ? ಮೊಣಕಾಲಿನಿಂದ ಏಳಿ. ಹಾಂ. ಹಾಂ.

ಹರಿಯಲಿಲ್ಲ ನೋಡಿ.

ಅಧ್ಯಕ್ಷರು ಕಿವಿಯಲ್ಲಿ ಹೇಳುತ್ತಿದ್ದಾರೆ, 'ಶನಿವಾರ ಬನ್ನಿ ಸರ್, ಕುರ್ಚಿ ಹಾಕಿಸ್ತೀನಿ. ಕೂತ್ಕೊಂಡೇ ಕಲಿಸಿ, ಬಗ್ಗೋ ಹಾಗಿಲ್ಲ' ಎಂದು. ಅಧ್ಯಕ್ಷರೇ, ನಾನದನ್ನು ಮೈಕಿನಲ್ಲಿ ಹೇಳಿಬಿಟ್ಟಿದ್ದೇನೆ, ಇನ್ನು ಬದಲಿಸುವಂತಿಲ್ಲ. ಗಡಿಯಾರವನ್ನೂ ವಾಪಸ್ ಕೇಳಬೇಡಿ. ಶನಿವಾರ ಬೆಳಗ್ಗೆ ಬೇಕಾಗುತ್ತದೆ.

ಮೇಜು ಕೊಟ್ಟವರಿಗೆ, ಮೈಕ್ ತಗ್ಗಿಸಿದವರಿಗೆ, ಈ ಕೋಟು ಹೊಲಿದವಳಿಗೆ ನನ್ನ ವಂದನೆಗಳು. ಕೈ ಮುಗಿಯಬೇಕಿತ್ತು. ಆದರೆ ಎರಡೂ ಕೈ ಈ ಇಬ್ಬರ ಹೆಗಲ ಮೇಲಿವೆ, ತೆಗೆದರೆ ಬೀಳುತ್ತೇನೆ. ಮೂಗಿನಲ್ಲಿ ತುರಿಕೆ ಬೇರೆ ಶುರುವಾಗಿದೆ. ಆದ್ದರಿಂದ ಬಾಯಲ್ಲೇ ಹೇಳಿ ಮುಗಿಸುತ್ತೇನೆ, ನಮಸ್ಕಾರ.