ನಡುವಿನ ಕದ

ಸಭೆಯ ಮುಂದಾಳತ್ವ ವಹಿಸಿರುವ ದೇಸಾಯರೇ, ಗಜೇಂದ್ರಗಡದಿಂದ ಎತ್ತು ದಣಿಸಿಕೊಂಡು ಬಂದ ಅತಿಥಿಗಳೇ, ರೋಣದ ವರ್ತಕರೇ, ನಮ್ಮ ಬೆಳವಣಕಿಯ ಸಮಸ್ತ ದೈವದವರೇ, ಊರ ಹಿರಿಯರೇ, ತಾಯಂದಿರೇ, ಸಭಿಕರೇ,

ಇವತ್ತಿನ ಬಯಲಾಟ ಶುರುವಾಗುವ ಮುನ್ನ ನನ್ನ ಮಗ ಪ್ರಭುಲಿಂಗಪ್ಪನಿಗೆ ಶಾಲು ಹೊದಿಸಬೇಕೆಂದು ನೀವು ಬಯಸಿದಿರಿ. ಅವನು ಬಂದಿಲ್ಲ. ಬರಲು ಕಾಲು ಬೇಕು. ಆದ್ದರಿಂದ ಅವನ ಅಪ್ಪ ಅಂದಾನೆಪ್ಪ, ಅಂದರೆ ನಾನು, ಅವನ ಶಾಲು ಹೊದ್ದು ನಿಂತಿದ್ದೇನೆ. ಈ ಬೇಸಿಗೆಯಲ್ಲಿ ಶಾಲು! ನಗಿರಿ, ಅಡ್ಡಿಯಿಲ್ಲ.

ಅತಿಥಿಗಳಿಗೆ ನಮ್ಮ ಊರಿನ ಪದ್ಧತಿ ಹೇಳಬೇಕು. ಈ ಎರೆಸೀಮೆಯಲ್ಲಿ ಮರವೆಲ್ಲಿದೆ? ಆಟಕ್ಕೆ ಕುಣಿಯುವ ಅಟ್ಟ ಕಟ್ಟಬೇಕಾದರೆ ಮನೆಮನೆಯ ಕದ ಕಳಚಿ ತಂದು ಹಾಸುತ್ತೇವೆ. ಅಂದು ಊರಿಗೆ ಊರೇ ಬಾಗಿಲು ತೆರೆದು ಮಲಗಿರುತ್ತದೆ. ಹೆದರಬೇಡಿ, ಕಳ್ಳನೂ ಆಟಕ್ಕೇ ಬಂದಿರುತ್ತಾನೆ. ಯಾರ ಕದ ಎಲ್ಲಿ ಎಂಬುದನ್ನು ಮಾತ್ರ ಮರ ನೋಡಿ ನಿಶ್ಚಯಿಸುವುದಿಲ್ಲ, ಮನೆತನ ನೋಡಿ ನಿಶ್ಚಯಿಸುತ್ತೇವೆ. ನಟ್ಟನಡುವೆ, ರಾಜನ ಪಾತ್ರ ಹಾರಿ ಕುಣಿಯುವ ಜಾಗದಲ್ಲಿ, ನಮ್ಮ ಮನೆಯ ಕದ. ನನ್ನ ಅಜ್ಜನ ಕಾಲದಿಂದ ಬಂದ ಮಾನ ಅದು.

ಆ ಕದ ಮಾವಿನದು. ಕೆತ್ತನೆ ಸಲೀಸು ಎಂದು ಅಜ್ಜ ಮಾವಿನ ಮರವನ್ನೇ ಆರಿಸಿದ. ಜಾಲಿ ಗಟ್ಟಿ, ಮಾವು ಮೆತ್ತಗೆ ಎಂಬುದು ಇಲ್ಲಿ ಯಾರಿಗೆ ಗೊತ್ತಿಲ್ಲ? ಬಂಡಿಯ ಅಚ್ಚಿಗೆ ಯಾರಾದರೂ ಮಾವು ಹಾಕುತ್ತೀರಾ? ಕುಂಟೆಗೆ ಹಾಕುತ್ತೀರಾ? ಇಲ್ಲ. ಎತ್ತು ಎಳೆಯಲು ಜಾಲಿ, ಮಗ ಕುಣಿಯಲು ಮಾವು!

ಇನ್ನೊಂದು ಮಾತು. ಕದದ ಮೇಲೆ ಬಸವಣ್ಣನ ಕೆತ್ತನೆಯಿದೆ. ಬಸವಣ್ಣನ ಮೇಲೆ ಕಾಲಿಡಬಾರದೆಂದು ಕದವನ್ನು ಬೋರಲು ಹಾಸುತ್ತೇವೆ. ಭಾರಕ್ಕೆ ಬಾಗಿದ ಹಲಗೆ ಸೀಳುವುದು ಕೆಳಮೈಯಿಂದ. ಆ ಕೆಳಮೈಯಲ್ಲೇ ಉಳಿ ಆಡಿ ಅರ್ಧ ದಪ್ಪ ಹೋಗಿತ್ತು. ಭಕ್ತಿಯಿಂದಲೇ ತಿರುವಿದೆವು, ಭಕ್ತಿಯಿಂದಲೇ ಹಾಸಿದೆವು.

ಹೋದ ಬೇಸಿಗೆಯಲ್ಲಿ, ಅಟ್ಟ ಕಟ್ಟುತ್ತಿದ್ದ ಬಡಿಗ ಇಮಾಮಸಾಬ ಒಂದು ಮಾತು ಆಡಿದ್ದ: "ನಡುವ ಜಂಗ್ಲಿಸಾಬನ ಬಂಡಿ ಹಲಗಿ ಹಾಕೂಣೇನ್ರಿ? ಜಾಲಿ ಐತಿ."

"ಸೆಗಣಿ ಹತ್ತಿದ ಹಲಗಿ ಮ್ಯಾಲ ರಾಜಾ ಕುಣಿತಾನೇನೋ?" ಎಂದರು ಹಿರಿಯರು. ಎಲ್ಲರೂ ನಕ್ಕರು. ಇಮಾಮಸಾಬನೂ ನಕ್ಕ.

ಆ ರಾತ್ರಿ ನನ್ನ ಮಗ ರಾಜನ ಕಿರೀಟ, ಎದೆಕಟ್ಟು, ಭುಜಕೀರ್ತಿ ತೊಟ್ಟು ಹಾರಿದ. ಕದ ಸೀಳಿದ ಸದ್ದನ್ನು ನೀವು ಮದ್ದಳೆಯ ಪೆಟ್ಟೆಂದು ತಿಳಿದು ಶಹಬಾಸ್ ಎಂದಿರಿ. ಅವನು ತೊಡೆಯವರೆಗೆ ಒಳಗೆ ಹೋಗಿದ್ದ. ಗಜೇಂದ್ರಗಡದ ನಾಟಿ ವೈದ್ಯರು ಬಂದು ಎಲುಬು ಕಟ್ಟಿದರು. ಎಲುಬು ಕೂಡಲಿಲ್ಲ, ಕಾಲು ಒಣಗಿತು. ಮುಂದೆ ಮಳೆಗಾಲದ ಹೊತ್ತಿಗೆ ನರಗುಂದದ ಕೋಟೆ ಕುಂಪಣಿಯವರ ಕೈಗೆ ಬಿತ್ತು, ಸೀಮೆಯೆಲ್ಲ ಅತ್ತಿತು. ನಮ್ಮ ಮನೆಯಲ್ಲಿ ಕಣ್ಣೀರು ಅಷ್ಟರಲ್ಲೇ ಬತ್ತಿತ್ತು. ಪರರ ದುಃಖಕ್ಕೂ ಉಳಿಯದಷ್ಟು ಅಳುವುದು ಪಾಪವೇ ಇರಬೇಕು.

ಈಗ ನಿಮ್ಮ ಪ್ರೀತಿಯ ವಿಷಯ. ಸೀಳಿದ ಕದಕ್ಕೆ ಕಬ್ಬಿಣದ ಪಟ್ಟಿ ಬಡಿಸಿದಿರಿ, ಬಣ್ಣ ಹಚ್ಚಿಸಿದಿರಿ. "ಅಂದಾನೆಪ್ಪನವರ, ನಿಮ್ಮ ಮನಿ ಮಾನ ಬ್ಯಾರೇದವ್ರಿಗೆ ಕೊಡಂಗಿಲ್ರಿ, ಕದ ನಡುವನ ಹಾಸ್ತೀವಿ" ಎಂದಿರಿ. ಬೇಡ ಎಂದೆ. "ಭಾಳ ದೊಡ್ಡ ಮನಸು ನಿಮ್ಮದು" ಎಂದಿರಿ. ಕೈ ಮುಗಿದು ಬೇಡ ಎಂದೆ. ನೀವೂ ಕೈ ಮುಗಿದಿರಿ. ಸಿಟ್ಟಿನವರನ್ನು ತಡೆಯಬಹುದು ಸ್ವಾಮಿ, ಗೌರವ ಕೊಡುವವರನ್ನು ಹೇಗೆ ತಡೆಯುವುದು? ಪಟ್ಟಿ ಬಡಿಯಲು ಹೊಡೆದ ಮೊಳೆಗಳಿಂದ ಮಾವು ಇನ್ನಷ್ಟು ಸೀಳಿದೆ. ನಾನು ಬೆರಳಿಟ್ಟು ನೋಡಿದ್ದೇನೆ.

ಇಂದು ಬೆಳಿಗ್ಗೆ ನಿಮ್ಮವರು ಕದ ಕಳಚುವಾಗ ಮಗ ಪಡಸಾಲೆಯಲ್ಲಿ ಮಲಗಿದ್ದ. ಬೆಳಕು ಮುಖಕ್ಕೆ ಬಿದ್ದು ಎಚ್ಚರಾದ. "ಅಪ್ಪಾ, ಈ ಸಲ ಯಾರ ಕಾಲು?" ಎಂದು ಕೇಳಿದ.

ರಾಜನ ಪಾತ್ರ ಈ ಸಲ ಹೊಳೆಮಣ್ಣೂರಿನ ಹೊಳಿಯಪ್ಪನದು. ಅಟ್ಟದ ಹಿಂದೆ ಬಣ್ಣ ಹಚ್ಚಿಕೊಳ್ಳುತ್ತಿದ್ದಾನೆ. ಅವನ ತಾಯಿ ಗುಡ್ಡವ್ವ ಇಗೋ ಮುಂದೆಯೇ ಕುಳಿತಿದ್ದಾಳೆ. ದೈವದವರೇ, ಹೊತ್ತು ಇನ್ನೂ ಇದೆ. ನಮ್ಮ ಕದ ತೆಗೆದು ಆ ಬಂಡಿಯ ಹಲಗೆ ಹಾಕಿಸಿ. ಇದು ದೊಡ್ಡ ಮನಸ್ಸಲ್ಲ, ಭಯ.

ಯಾರೂ ಏಳುತ್ತಿಲ್ಲ. ದೇಸಾಯರು ತಲೆದೂಗುತ್ತಿದ್ದಾರೆ, ಮಾತು ಚೆನ್ನಾಗಿದೆ ಎಂಬಂತೆ.

ಗುಡ್ಡವ್ವಾ, ನೀ ಏಳವ್ವಾ. ನಿನ್ನ ಮಗನ್ನ ಕರಕೊಂಡು ಊರಿಗೆ ನಡಿ. ಯಾಕ, ಸೆರಗ ಬಾಯಿಗೆ ಹಿಡಕೊಂಡು ನಗಾಕ ಹತ್ತೀಯಲ್ಲ? ನಡುವಿನ ಕದದ ಮ್ಯಾಲ ಕುಣಿಯೂದು ನಿನ್ನ ಮಗನ ಪುಣ್ಯಾ ಅಂತ ತಿಳದೀಯೇನವ್ವಾ ನೀನೂ?

ಸಭಿಕರೇ, ಇಷ್ಟು ಹೊತ್ತು ಕೇಳಿದಿರಿ, ಉಪಕಾರವಾಯಿತು. ಇನ್ನು ನನ್ನಲ್ಲಿ ಮಾತಿಲ್ಲ. ಎಲ್ಲರಿಗೂ ನಮಸ್ಕಾರ.